ಮಂಡಿ ನೋವಿನ ಮುಲಾಮು: ತಣ್ಣಗಾದರೆ ಸಾಲದು, ಒಳಗಿಳಿಯಬೇಕು

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಮದ್ದೂರಿನ ಗದ್ದೆಗಳಲ್ಲಿ ಭತ್ತದ ನಾಟಿ ಬಹುಮಟ್ಟಿಗೆ ಹೆಂಗಸರ ಕೆಲಸ. ಕೆಸರಿನಲ್ಲಿ ಕಾಲೂರಿ, ಸೊಂಟ ಬಗ್ಗಿಸಿ ವರ್ಷಗಟ್ಟಲೆ ಪೈರು ನೆಟ್ಟವರಲ್ಲಿ ಅನೇಕರಿಗೆ ಐವತ್ತು ದಾಟುವ ಹೊತ್ತಿಗೆ ಮಂಡಿ ನೋವು ಜೊತೆಯಾಗಿರುತ್ತದೆ. ಮರುದಿನದ ಕೂಲಿ ತಪ್ಪಬಾರದೆಂದು ಸಂಜೆ ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಕೇಳಿ ಪಡೆಯುವುದು ಹಳ್ಳಿಯಲ್ಲೂ ಪೇಟೆಯಲ್ಲೂ ರೂಢಿ. ಪಕ್ಕದಲ್ಲೇ ಇರುವ ಮುಲಾಮಿನ ಟ್ಯೂಬನ್ನು ಜನ ಸಣ್ಣಪುಟ್ಟ ಉಳುಕಿನ ಮದ್ದೆಂದು ಭಾವಿಸುತ್ತಾರೆ. ಈ ಕ್ರಮ ತಿರುಗುಮುರುಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಂಡಿ ಸವೆತದ ನೋವಿಗೆ ಮೊದಲು ಮುಲಾಮು, ಅದು ಸಾಲದಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆ. 2019ರಲ್ಲಿ ಅಮೆರಿಕದ ಸಂಧಿರೋಗ ತಜ್ಞರ ಸಂಘವೂ 2022ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯೂ ಮಂಡಿ ಸವೆತಕ್ಕೆ ಉರಿಯೂತ ಇಳಿಸುವ ಲೇಪನವನ್ನು ಸ್ಪಷ್ಟವಾಗಿ ಶಿಫಾರಸು ಮಾಡಿವೆ.

ಗಾಯಗೊಂಡ ಅಥವಾ ಸವೆದ ಕೀಲಿನ ಜೀವಕೋಶಗಳಲ್ಲಿ ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಇವು ಅಲ್ಲಿನ ನರಗಳ ತುದಿಯನ್ನು ಸೂಕ್ಷ್ಮಗೊಳಿಸುವುದರಿಂದ, ಎಂದಿನಂತೆ ಎರಡು ಮೆಟ್ಟಿಲು ಹತ್ತಿದರೂ ಮಿದುಳಿಗೆ ನೋವಿನ ಸಂದೇಶ ಹೋಗುತ್ತದೆ. ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂಬುದನ್ನು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ ಡೈಕ್ಲೋಫೆನಾಕ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದೂ ಪ್ರೊಸ್ಟಗ್ಲಾಂಡಿನ್‌ಗಳೇ. ನುಂಗಿದ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತುವುದರಿಂದ ಮಂಡಿಯ ನೋವಿನ ಜೊತೆಗೆ ಈ ರಕ್ಷಣೆಯನ್ನೂ ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ವಯಸ್ಸಾದವರು ತಿಂಗಳುಗಟ್ಟಲೆ ಇಂಥ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಹಾನಿಯಾಗುವ ಅಪಾಯ ಹೆಚ್ಚುತ್ತದೆ.

ಲೇಪನದ ದಾರಿ ಬೇರೆ. ಚರ್ಮದ ಹೊರಪದರ ಕೂದಲೆಳೆಗಿಂತ ತೆಳುವಾದರೂ ಬಲವಾದ ತಡೆ. ಸತ್ತ ಜೀವಕೋಶಗಳ ನಡುವೆ ಕೊಬ್ಬಿನಂಶ ತುಂಬಿರುವ ಅದರ ಮೂಲಕ, ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುಗಳ ತೂಕದ ಅಳತೆ) ಹಗುರವಾದ, ಕೊಬ್ಬಿನಲ್ಲಿ ಬೆರೆಯಬಲ್ಲ ಅಣುಗಳು ಮಾತ್ರ ಒಳಗಿಳಿಯಬಲ್ಲವು. ಡೈಕ್ಲೋಫೆನಾಕ್ ಸುಮಾರು 296 ಡಾಲ್ಟನ್ ತೂಗುತ್ತದೆ. ಜೆಲ್‌ನಲ್ಲಿರುವ ಆಲ್ಕೊಹಾಲಿನಂಥ ದ್ರವಗಳು ಈ ತಡೆಯನ್ನು ಸ್ವಲ್ಪ ಸಡಿಲಿಸಿ ದಾರಿ ಮಾಡಿಕೊಡುತ್ತವೆ. ಒಳಗಿಳಿದ ಔಷಧ ಕೀಲಿನ ಸುತ್ತಲಿನ ಅಂಗಾಂಶದಲ್ಲಿ ಸಂಗ್ರಹವಾಗುತ್ತದೆ. ಒಂದು ಮಂಡಿಗೆ ಪೂರ್ಣ ಪ್ರಮಾಣದಲ್ಲಿ ಹಚ್ಚಿದಾಗಲೂ ಒಟ್ಟು ರಕ್ತಕ್ಕೆ ಸೇರುವ ಔಷಧ ಮಾತ್ರೆ ನುಂಗಿದಾಗಿನ ಶೇಕಡ 6ರಷ್ಟು ಮಾತ್ರ. ಮಂಡಿ, ಬೆರಳು, ಮಣಿಕಟ್ಟಿನಂಥ ಚರ್ಮಕ್ಕೆ ಹತ್ತಿರದ ಕೀಲುಗಳಿಗೆ ಇದು ಒಪ್ಪುತ್ತದೆ. ತೊಡೆಯ ಸಂಧಿ ದಪ್ಪ ಸ್ನಾಯುಗಳ ಆಳದಲ್ಲಿರುವುದರಿಂದ ಅಲ್ಲಿಗೆ ಹಚ್ಚಿ ಫಲ ಕಾಯುವುದು ವ್ಯರ್ಥ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. ಹಚ್ಚಿದ ಕ್ಷಣ ತಣ್ಣಗೆ ಕೊರೆಯುವ, ಆಮೇಲೆ ಬಿಸಿಯೇರಿ ಘಾಟು ಹೊಡೆಯುವ ಮುಲಾಮೇ ಒಳ್ಳೆಯದೆಂದು ಜನ ಆರಿಸಿಕೊಳ್ಳುತ್ತಾರೆ. ಆ ತಂಪು ಮೆಂಥಾಲ್‌ನದು. ಚಳಿಯನ್ನು ಗುರುತಿಸುವ ನರಗಳ ಗ್ರಾಹಕವನ್ನು ಅದು ಕೆಣಕುತ್ತದೆ, ಕೀಲಿನ ಚಳಿ ಬಿಸಿ ಒಂದಿಷ್ಟೂ ಬದಲಾಗಿರುವುದಿಲ್ಲ. ಘಾಟು ಮೀಥೈಲ್ ಸ್ಯಾಲಿಸಿಲೇಟ್‌ನದು, ಮೈಸೂರಿನವರು ಊಟಿಗೆ ಹೋದಾಗ ಸೀಸೆಯಲ್ಲಿ ತರುವ ವಿಂಟರ್‌ಗ್ರೀನ್ ಎಣ್ಣೆಯ ಮುಖ್ಯ ಅಂಶವೂ ಅದೇ. ಈ ಎಣ್ಣೆಯ ಒಂದು ಚಹಾ ಚಮಚ ಮಗುವಿನ ಹೊಟ್ಟೆ ಸೇರಿದರೆ ಹಲವು ಗ್ರಾಂ ಆಸ್ಪಿರಿನ್ ನುಂಗಿದಷ್ಟು ವಿಷವಾಗುತ್ತದೆ, ಪ್ರಾಣಕ್ಕೇ ಕುತ್ತು ತರುತ್ತದೆ. ಆದ್ದರಿಂದ ಸೀಸೆಯನ್ನು ದಯವಿಟ್ಟು ಮಕ್ಕಳ ಕೈಗೆಟುಕದಂತೆ ಎತ್ತಿಡಿ. ಮೆಣಸಿನಕಾಯಿಯ ಖಾರದ ಸಾರವಾದ ಕ್ಯಾಪ್ಸೈಸಿನ್ ಲೇಪನದ ಕಥೆ ಇನ್ನೊಂದು ಬಗೆಯದು. ಅದು ಉರಿಯನ್ನು ಗ್ರಹಿಸುವ ಗ್ರಾಹಕವನ್ನು ಮತ್ತೆ ಮತ್ತೆ ಕೆರಳಿಸಿ ಕ್ರಮೇಣ ಮಂಕಾಗಿಸುವುದರಿಂದ ದಿನಕ್ಕೆ ಹಲವು ಬಾರಿಯಂತೆ ಕೆಲವು ವಾರ ಬಿಡದೆ ಹಚ್ಚಬೇಕು. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಒಟ್ಟಿನಲ್ಲಿ, ತಂಪು, ಉರಿ, ವಾಸನೆ ಯಾವುದೂ ಇಲ್ಲದ ಸಾದಾ ಡೈಕ್ಲೋಫೆನಾಕ್ ಜೆಲ್ ಕೂಡ ಉರಿಯೂತಕ್ಕೆ ಪೂರ್ಣ ಪ್ರಮಾಣದ ಔಷಧವೇ.

ಹಾಗಾದರೆ ಅನೇಕರಿಗೆ ಏಕೆ ಗುಣ ಕಾಣುವುದಿಲ್ಲ? ಮುಖ್ಯ ಕಾರಣ, ಹಚ್ಚುವ ಪ್ರಮಾಣ. ಶೇಕಡ 1ರ ಡೈಕ್ಲೋಫೆನಾಕ್ ಜೆಲ್ಲನ್ನು ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ಎಂದರೆ ಚಹಾ ಚಮಚಕ್ಕಿಂತ ಸ್ವಲ್ಪ ಕಡಿಮೆ, ದಿನಕ್ಕೆ ನಾಲ್ಕು ಬಾರಿ ಹಚ್ಚಬೇಕೆಂದು ಅಮೆರಿಕದಲ್ಲಿ ನಿಗದಿಯಾಗಿದೆ. ಬ್ರಿಟನ್ನಿನಲ್ಲಿ 2ರಿಂದ 4 ಗ್ರಾಂ, ಮೂರು ನಾಲ್ಕು ಬಾರಿ. ಕಡಲೆಕಾಳಿನಷ್ಟು ಹಿಂಡಿ ರಾತ್ರಿ ಮಲಗುವಾಗ ಒಮ್ಮೆ ಸವರುವುದು ನಮ್ಮ ವಾಡಿಕೆ. ಬ್ರಿಟನ್ನಿನ ಕನಿಷ್ಠ ಲೆಕ್ಕದಲ್ಲೇ ಎರಡು ಮಂಡಿಗೆ ದಿನಕ್ಕೆ 12 ಗ್ರಾಂ ಆಗುತ್ತದೆ. 30 ಗ್ರಾಂನ ಟ್ಯೂಬು ಎರಡೂವರೆ ದಿನಕ್ಕೆ ಖಾಲಿ. ಕೂಲಿ ಮಾಡುವವರಿಗೆ ಇದು ಹಗುರವಾದ ಖರ್ಚಲ್ಲ, ಜನ ಮಾತ್ರೆಗೇ ವಾಲುವುದರ ಹಿಂದೆ ಈ ಲೆಕ್ಕಾಚಾರವೂ ಇದೆ ಎಂದು ನನಗನ್ನಿಸುತ್ತದೆ. ಆದ್ದರಿಂದ ಜಾಹೀರಾತಿನ ಹೆಸರು ಬಿಟ್ಟು, ಜನೌಷಧಿ ಕೇಂದ್ರದಲ್ಲಿ ಇದೇ ಔಷಧದ ಅಗ್ಗದ ಟ್ಯೂಬು ಇದೆಯೇ ಎಂದು ವಿಚಾರಿಸುವುದು ಜಾಣತನ. ಪರಿಣಾಮ ತಿಳಿಯಲು ಒಂದು ವಾರವಾದರೂ ಬೇಕಾಗಬಹುದು. ವೈದ್ಯರು ಹೇಳದ ಹೊರತು ಮೂರು ವಾರ ಮೀರಿ ಮುಂದುವರಿಸಬಾರದು.

ಮುಲಾಮಿನ ಶಕ್ತಿಯನ್ನು ಉಬ್ಬಿಸಿ ಹೇಳುವುದೂ ಸಲ್ಲದು. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಆರರಿಂದ ಹನ್ನೆರಡು ವಾರ ಡೈಕ್ಲೋಫೆನಾಕ್ ಹಚ್ಚಿದವರಲ್ಲಿ ಹತ್ತಕ್ಕೆ ಸುಮಾರು ಆರು ಜನರಿಗೆ ನೋವು ಗಣನೀಯವಾಗಿ ಇಳಿದರೆ, ಔಷಧವಿಲ್ಲದ ಬರಿಯ ಜೆಲ್ ಹಚ್ಚಿದವರಲ್ಲೂ ಐದು ಜನರಿಗೆ ಇಳಿದಿತ್ತು. ತಿಕ್ಕುವುದರ ಹಿತ, ಗುಣವಾಗುತ್ತದೆಂಬ ಭರವಸೆ, ತಾನೇ ಏರಿಳಿಯುವ ನೋವಿನ ಸ್ವಭಾವ ಎಲ್ಲವೂ ಆ ಐದರಲ್ಲಿ ಸೇರಿವೆ. ಔಷಧದಿಂದಲೇ ಬಂದ ಹೆಚ್ಚುವರಿ ಲಾಭ ಹತ್ತರಲ್ಲಿ ಒಬ್ಬರಿಗೆ. ಕೀಲಿನಲ್ಲಿ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆದರೆ ಅದನ್ನಂತೂ ಯಾವ ಜೆಲ್ಲೂ ಮತ್ತೆ ಬೆಳೆಸುವುದಿಲ್ಲ. ನೋವು ಇಳಿದ ಹೊತ್ತನ್ನು ತೊಡೆಯ ಮುಂಭಾಗದ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮಕ್ಕೆ ಬಳಸಿಕೊಂಡರೆ ಫಲ ಹೆಚ್ಚು.

ಗಾಯವಿರುವ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಮೇಲೆ ಬಟ್ಟೆ ಬಿಗಿದು ಕಟ್ಟಬಾರದು, ಬಿಸಿ ಶಾಖ ಕೊಡಬಾರದು. ಹಚ್ಚಿದ ಜಾಗವನ್ನು ಒಂದು ಗಂಟೆ ತೊಳೆಯಬಾರದು. ಆಸ್ಪಿರಿನ್‌ನಿಂದ ಉಬ್ಬಸ ಬರುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಯಾವ ಮುಲಾಮನ್ನೂ ಹಚ್ಚಬಾರದು. ಡೈಕ್ಲೋಫೆನಾಕ್ ಜಾತಿಯದೇ ಆದ ಕೀಟೊಪ್ರೊಫೆನ್ ಜೆಲ್ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆಯೇಳಬಹುದಾದ್ದರಿಂದ ಗದ್ದೆಗೆ ಹೋಗುವವರಿಗೆ ಅದು ಸರಿಯಲ್ಲ.

ಇಷ್ಟೆಲ್ಲ ಹೇಳಿದ್ದು ಸವೆತದ ನೋವಿನ ಬಗ್ಗೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೀಲುಗಳು ಬಿಗಿದಿರುವುದು, ಎರಡೂ ಕೈಗಳ ಬೆರಳ ಬುಡ ಊದಿಕೊಳ್ಳುವುದು ರುಮಟಾಯ್ಡ್ ಸಂಧಿವಾತದ ಲಕ್ಷಣವಾಗಿರಬಹುದು. ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲನ್ನು ತಿನ್ನುವ ಕಾಯಿಲೆ. ಆ ದಾಳಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧವನ್ನು ಬೇಗ ಆರಂಭಿಸಿದಷ್ಟೂ ಬೆರಳುಗಳು ಸೊಟ್ಟಗಾಗುವುದು ತಪ್ಪುತ್ತದೆ. ಅಂಥವರು ಮುಲಾಮು ಹಚ್ಚುತ್ತಾ ತಿಂಗಳುಗಳನ್ನು ಕಳೆಯದೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ ಜ್ವರವೂ ಬಂದರೆ ಕೀಲಿನೊಳಗೆ ಸೋಂಕು ತಗುಲಿರುವ ಸಾಧ್ಯತೆಯಿದ್ದು, ಅಂದೇ ಆಸ್ಪತ್ರೆಗೆ ಹೋಗಬೇಕು.