ಪ್ರಪಂಚಕ್ಕೆಲ್ಲ ಎಷ್ಟು ಪಾವಗಡ ಬೇಕು?

ಓದುಗರ ಪ್ರಶ್ನೆ: ಬಿಸಿಲು, ಗಾಳಿಯಿಂದ ಬರುವ ಕರೆಂಟ್ ಮುಂದೆ ಇಡೀ ಪ್ರಪಂಚಕ್ಕೆ ಸಾಕಾಗುತ್ತದೆಯೇ? ಅಷ್ಟು ಜಾಗ ಎಲ್ಲಿದೆ?

ಜಾಗ ಇದೆ. ಪಾವಗಡದ ಸೋಲಾರ್ ಪಾರ್ಕನ್ನೇ ಅಳತೆಗೆ ಇಟ್ಟುಕೊಂಡು ಲೆಕ್ಕ ಹಾಕೋಣ. ಸುಮಾರು 13,000 ಎಕರೆ, 2,050 ಮೆಗಾವಾಟ್. ರಾತ್ರಿ, ಮೋಡ ಎಲ್ಲ ಕಳೆದು ದಿನಕ್ಕೆ ಐದು ಗಂಟೆ ಪೂರ್ತಿ ಕೆಲಸ ಅಂತ ಹಿಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 375 ಕೋಟಿ ಯೂನಿಟ್. ಇಡೀ ಪ್ರಪಂಚ ಈಗ ವರ್ಷಕ್ಕೆ ತಯಾರಿಸುವುದು ಸುಮಾರು 30 ಲಕ್ಷ ಕೋಟಿ ಯೂನಿಟ್. ಅಂದರೆ 8,000 ಪಾವಗಡ ಬೇಕು. ಜಾಗದ ಲೆಕ್ಕದಲ್ಲಿ ಎರಡು ಕರ್ನಾಟಕಕ್ಕಿಂತ ಸ್ವಲ್ಪ ಜಾಸ್ತಿ. ಸಹಾರಾ ಮರುಭೂಮಿಯ ನೂರರಲ್ಲಿ ಐದು ಪಾಲೂ ಆಗುವುದಿಲ್ಲ. ನಾಳೆ ಕಾರು, ಒಲೆ ಎಲ್ಲ ಕರೆಂಟಿಗೆ ಬಂದು ಬೇಡಿಕೆ ಮೂರು ಪಟ್ಟಾದರೂ ಸಹಾರಾದ ಏಳರಲ್ಲಿ ಒಂದು ಪಾಲು ಸಾಕು. ಗಾಳಿ, ನೀರಿನ ಕರೆಂಟನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ವೇಗವೂ ಇದೆ. ಪ್ರಪಂಚದ ಸೋಲಾರ್ ಸಾಮರ್ಥ್ಯ ಮೊದಲ 10 ಲಕ್ಷ ಮೆಗಾವಾಟ್ ಮುಟ್ಟಿದ್ದು 2022ರಲ್ಲಿ. ಅದಕ್ಕೆ ದಶಕಗಳೇ ಹಿಡಿದವು. ಇನ್ನೊಂದು 10 ಲಕ್ಷಕ್ಕೆ ಎರಡೇ ವರ್ಷ ಸಾಕಾಯಿತು.

ಕಷ್ಟ ಶುರುವಾಗುವುದು ಸಂಜೆ ಆರರ ಮೇಲೆ. ಬಿಸಿಲು ಇಳಿಯುತ್ತದೆ, ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಫ್ಯಾನ್, ಟಿವಿ ಹಚ್ಚುತ್ತೇವೆ. ಮಧ್ಯಾಹ್ನ ಮಿಕ್ಕಿದ ಕರೆಂಟನ್ನು ಸಂಜೆಗೆ ಎತ್ತಿಡಬೇಕು. ಬ್ಯಾಟರಿ ಒಂದು ದಾರಿ. ಹಳೆಯ ದಾರಿ ಇನ್ನೊಂದಿದೆ: ಹಗಲು ಮಿಕ್ಕಿದ ಕರೆಂಟಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತುವುದು, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಶರಾವತಿಯಲ್ಲಿ ತಳಕಳಲೆಗೂ ಗೇರುಸೊಪ್ಪೆಗೂ ನಡುವೆ 2,000 ಮೆಗಾವಾಟಿನ ಇಂಥದ್ದೇ ಯೋಜನೆ ಇದೆ. ಆದರೆ ಅದು ಸಿಂಗಳೀಕಗಳ ಕಾಡು. ಲಿಂಗನಮಕ್ಕಿಗಾಗಿ ಊರು ಬಿಟ್ಟವರ ನೋವು ಮಲೆನಾಡಿನಲ್ಲಿ ಇನ್ನೂ ಆರಿಲ್ಲ. ಇಂಥ ಕೆರೆಗಳನ್ನು ಒಣ ಗುಡ್ಡಗಳಲ್ಲಿ, ನದಿಗೆ ಅಡ್ಡ ಕಟ್ಟದೆಯೂ ಮಾಡಬಹುದು. ಮೊದಲು ಅಂಥ ಜಾಗ ಹುಡುಕಬೇಕು ಎನ್ನುವುದು ನನ್ನ ಅಭಿಪ್ರಾಯ.

ಎತ್ತಿಡುವುದಕ್ಕಿಂತ ಅಗ್ಗದ ಉಪಾಯ, ಬಿಸಿಲಿದ್ದಾಗಲೇ ಬಳಸುವುದು. ಪಂಪ್‌ಸೆಟ್‌ಗೆ ಹಗಲು ತ್ರೀಫೇಸ್ ಕೊಟ್ಟರೆ ಬ್ಯಾಟರಿ ಬೇಡ. ರೈತ ನಡುರಾತ್ರಿ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಮೋಟಾರು ಹಾಕಲು ಹೋಗುವುದೂ ತಪ್ಪುತ್ತದೆ.

ಒಂದನ್ನೇ ನಂಬಿ ಕೂರುವ ಹಾಗೂ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು ನಮ್ಮ ಜಲಾಶಯಗಳು ತುಂಬಲಿಲ್ಲ, ಕರೆಂಟಿಗೆ ಎಷ್ಟು ಪರದಾಡಿದೆವು ಅಲ್ವಾ? ಆದರೆ ಮುಂಗಾರಿನ ಮೋಡ ಸೋಲಾರ್ ತಗ್ಗಿಸುವ ತಿಂಗಳುಗಳಲ್ಲೇ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಜೋರಾಗಿ ಬೀಸುತ್ತದೆ. ಒಂದು ಸೋತಾಗ ಇನ್ನೊಂದು ಕೈಹಿಡಿಯುವಂತೆ ಜೋಡಿಸಬೇಕು. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಸಾಗಿಸುವ ದೊಡ್ಡ ಲೈನುಗಳೂ ಬೇಕು. ಎಷ್ಟೋ ದೇಶಗಳಲ್ಲಿ ಪ್ಯಾನೆಲ್ ಬೇಗ ಬರುತ್ತದೆ, ಲೈನ್ ತಡವಾಗುತ್ತದೆ.

ಇನ್ನು ಜನರ ಮಾತು. ಪಾವಗಡದಲ್ಲಿ ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದ ಸೀಮೆಯಲ್ಲಿ ಅದು ಗಟ್ಟಿ ಆದಾಯ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಹೊಲದ ಕೆಲಸವೂ ಹೋಯಿತು. 8,000 ಪಾವಗಡ ಎನ್ನುವಾಗ ನನಗೆ ಮೊದಲು ನೆನಪಾಗುವುದು ಅವರೇ.