ಪಾಲಾಗದ ಮನೆಯಲ್ಲಿ ನನ್ನ ಭಾಗವನ್ನು ಹೊರಗಿನವರಿಗೆ ಮಾರಬಹುದಾ?

ಪ್ರಶ್ನೆ: ಅಪ್ಪ ಸ್ವಂತ ದುಡಿಮೆಯಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿಸಿದ್ದರು. ವಿಲ್ ಬರೆಯದೆ ತೀರಿಕೊಂಡರು. ಅಮ್ಮ, ಅಣ್ಣ, ನಾನು, ತಂಗಿ ಇದ್ದೇವೆ. ಖಾತೆ ಅಣ್ಣನ ಹೆಸರಿಗಾಗಿದೆ, ಅವನೇ ಅಲ್ಲಿ ವಾಸ. ಪಾಲು ಕೇಳಿದರೆ ‘ನೋಡೋಣ’ ಅಂತಾನೆ. ನನ್ನ ಭಾಗ ಮಾರಲು ಅವನ ಸಹಿ ಬೇಕಾ?

ಉತ್ತರ: ಸಹಿ ಕಡ್ಡಾಯವಲ್ಲ, ನಿಮ್ಮ ಪಾಲನ್ನು ಮಾರಬಹುದು. ಆದರೆ ಕೊಂಡವರ ಕೈಗೆ ನಿಜವಾಗಿ ಏನು ಸಿಗುತ್ತದೆ ಎಂದು ತಿಳಿಯದೆ ಅಡ್ವಾನ್ಸ್ ಮುಟ್ಟಬೇಡಿ.

ಮೊದಲು ಖಾತೆಯ ಭಯ ಬಿಡಿ. ಖಾತೆ ಇರುವುದು ತೆರಿಗೆ ಕಟ್ಟಿಸಿಕೊಳ್ಳಲು. ಅದರಿಂದ ಯಾರೂ ಮಾಲೀಕರಾಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಅಪ್ಪನ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳಿಗೆ ಸಮನಾಗಿ ಹೋಗುತ್ತದೆ. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಅಜ್ಜಿ ಇಲ್ಲ ಅಂದುಕೊಂಡರೆ ನಿಮ್ಮದು 1/4. ತಂಗಿಯದೂ ಅಷ್ಟೇ, ಮದುವೆಯಾಗಿದ್ದರೂ. ಅಣ್ಣ ಎಷ್ಟೋ ವರ್ಷದಿಂದ ಒಬ್ಬನೇ ಇದ್ದಾನೆ ಅಂದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಒಬ್ಬ ಪಾಲುದಾರನ ಸ್ವಾಧೀನವನ್ನು ಕಾನೂನು ಎಲ್ಲರ ಸ್ವಾಧೀನ ಎಂದೇ ನೋಡುತ್ತದೆ. ‘ನಿನಗಿಲ್ಲಿ ಹಕ್ಕೇ ಇಲ್ಲ’ ಎಂದು ಬಹಿರಂಗವಾಗಿ ನಿರಾಕರಿಸಿ ನಿಮ್ಮನ್ನು ಹೊರಗಿಟ್ಟ ದಿನದಿಂದ 12 ವರ್ಷದ ಲೆಕ್ಕ ಶುರುವಾಗುತ್ತದೆ. ಅಂಥ ಮಾತು ಬಂದಿದ್ದರೆ ಮಾತ್ರ ತಡಮಾಡಬೇಡಿ.

ಈಗ ಈ 1/4 ಎಂದರೆ ಏನು? 1200 ಚದರಡಿಯಲ್ಲಿ 300 ಅಡಿ ಅಳೆದು, ‘ರಸ್ತೆ ಕಡೆಯ ರೂಮು ನನ್ನದು’ ಅನ್ನಲಾಗದು. ರೂಮು, ಮೆಟ್ಟಿಲು, ತಾರಸಿ, ಸಂಪು ಎಲ್ಲದರಲ್ಲೂ ನಾಲ್ವರಿಗೂ ಹಕ್ಕಿದೆ. ಕ್ರಯಪತ್ರದಲ್ಲಿ ‘ಅವಿಭಜಿತ 1/4 ಪಾಲು’ ಎಂದೇ ಬರೆಯಬೇಕು. ಮುಂದಿನ ರೂಮಿಗೆ ಚೆಕ್ಕುಬಂದಿ ಹಾಕಿ ಮಾರಿದರೆ ಅದು ಉಳಿದ ಮೂವರನ್ನು ಕಟ್ಟಿಹಾಕುವುದಿಲ್ಲ.

ಕೊಂಡವರ ಕಷ್ಟ ಇಲ್ಲಿಂದ ಶುರು. ಆಸ್ತಿ ವರ್ಗಾವಣೆ ಕಾಯ್ದೆ, 1882ರ 44ನೇ ಕಲಂ ಪ್ರಕಾರ ಪಾಲು ಕೊಂಡವರಿಗೆ ಜಂಟಿ ಸ್ವಾಧೀನವನ್ನೂ ವಿಭಾಗವನ್ನೂ ಕೇಳುವ ಹಕ್ಕಿದೆ. ಆದರೆ ಅವಿಭಕ್ತ ಕುಟುಂಬದ ವಾಸದ ಮನೆಯಾದರೆ ಹೊರಗಿನವರು ಒಳಗೆ ಬಂದು ಜೊತೆಗಿರುವಂತಿಲ್ಲ. ಅವರಿಗೆ ಉಳಿಯುವುದು ವಿಭಾಗದ ದಾವೆ. ಹಾಕಿದರೋ, 1893ರ ವಿಭಾಗ ಕಾಯ್ದೆಯ 4ನೇ ಕಲಂ ಅಡಿ ನಿಮ್ಮ ಅಮ್ಮನೋ ಅಣ್ಣನೋ ತಂಗಿಯೋ ‘ಆ ಪಾಲನ್ನು ನಾವೇ ಕೊಳ್ಳುತ್ತೇವೆ’ ಎನ್ನಬಹುದು. ಆಗ ಬೆಲೆ ಕಟ್ಟುವುದು ಕೋರ್ಟು. ನನಗೆ ಈ ಕಲಂ ತುಂಬಾ ನ್ಯಾಯವಾಗಿ ಕಾಣುತ್ತದೆ. ವಯಸ್ಸಾದ ತಾಯಿ ಇರುವ ಮನೆಗೆ ಗುರುತಿಲ್ಲದವರು ಪಾಲುದಾರರಾಗಿ ಬಂದು ಕೂರುವುದನ್ನು ಅದು ತಡೆಯುತ್ತದೆ.

ಇಷ್ಟೆಲ್ಲ ತೊಡಕಿರುವ ಪಾಲಿಗೆ ಹೊರಗೆ ಯಾರು ಪೂರ್ತಿ ಬೆಲೆ ಕೊಡುತ್ತಾರೆ? ಸಾಮಾನ್ಯವಾಗಿ ಕೊಂಡುಕೊಳ್ಳುವವರು ವ್ಯಾಜ್ಯವನ್ನೇ ವ್ಯಾಪಾರ ಮಾಡಿಕೊಂಡವರು. ಅವರು ಅಗ್ಗಕ್ಕೇ ಕೇಳುತ್ತಾರೆ.

ಅದಕ್ಕೇ ನನ್ನ ಸಲಹೆ, ಮೊದಲು ಮನೆಯವರನ್ನೇ ಕೇಳಿ. ಇದು ಬರೀ ಮರ್ಯಾದೆಯ ಮಾತಲ್ಲ. ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಅವರಿಗೆ ಮೊದಲು ಕೊಳ್ಳುವ ಹಕ್ಕು ಕೊಡುತ್ತದೆ. ಅದು ಕೃಷಿ ಜಮೀನಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನಿಮ್ಮ ಬೆಲೆ ಬರೆದು ಮೂವರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಣ್ಣ ಒಪ್ಪಿದರೆ ಹಣ ಪಡೆದು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿ. ಸುಮ್ನೆ ಬಾಂಡ್ ಪೇಪರಿನಲ್ಲಿ ಬರೆದುಕೊಂಡರೆ ಸಾಲದು.

ಒಪ್ಪದಿದ್ದರೆ ನೀವೇ ವಿಭಾಗದ ದಾವೆ ಹಾಕುವುದು ಮೇಲು. ಚಿಕ್ಕ ಮನೆಯನ್ನು ನಾಲ್ಕು ಮಾಡಲಾಗದು. ಒಟ್ಟು ಅರ್ಧಕ್ಕೆ ಕಡಿಮೆಯಿಲ್ಲದ ಪಾಲು ಇರುವವರು ಕೇಳಿದರೆ ಕೋರ್ಟು ಮನೆ ಮಾರಿಸಿ ಹಣ ಹಂಚಬಹುದು. ಅಂದರೆ ತಂಗಿ ನಿಮ್ಮ ಜೊತೆ ನಿಂತರೆ ಸಾಕು. ಜೊತೆ ನಿಲ್ಲದಿದ್ದರೂ ಅವರನ್ನು ಬಿಟ್ಟು ದಾವೆ ಹಾಕಬೇಡಿ. ಎಲ್ಲ ಪಾಲುದಾರರೂ ಕಕ್ಷಿಗಾರರಾಗಿರದ ವಿಭಾಗದ ದಾವೆ ನಿಲ್ಲುವುದಿಲ್ಲ.