ಲಾಭ ಪುಸ್ತಕದಲ್ಲಿ, ದುಡ್ಡು ಅಂಗಡಿಗಳಲ್ಲಿ

ಸಣ್ಣ ಉದ್ಯಮಗಳ ಲೆಕ್ಕಪತ್ರ ಮತ್ತು ತೆರಿಗೆ ವ್ಯವಹಾರ ನೋಡಿಕೊಳ್ಳುವ ನನ್ನ ಬಳಿಗೆ ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಬರುವವರ ಮೊದಲ ಪ್ರಶ್ನೆ ಬಹುತೇಕ ಸಬ್ಸಿಡಿಯದ್ದಾಗಿರುತ್ತದೆ, ಎರಡನೆಯದು ಜಿಎಸ್‌ಟಿಯದ್ದು. ಯಂತ್ರ ಬಂದು ಕೂತ ಮೇಲೆ, ಮೊದಲ ಸರಕು ಅಂಗಡಿ ಸೇರಿದ ಮೇಲೆ, ಅದರ ದುಡ್ಡು ಕೈಗೆ ಬರುವವರೆಗೆ ಉದ್ಯಮವನ್ನು ಯಾವ ಹಣದಿಂದ ನಡೆಸಬೇಕು ಎಂಬ ಪ್ರಶ್ನೆಯನ್ನು ಕೇಳುವವರು ಅಪರೂಪ. ನಾನು ಕಂಡಂತೆ ಸಣ್ಣ ಘಟಕಗಳು ಬಾಗಿಲು ಹಾಕುವುದು ನಷ್ಟದಿಂದಲ್ಲ; ಲಾಭದಲ್ಲಿರುವಾಗಲೇ ಕೈಯಲ್ಲಿ ಕಾಸಿಲ್ಲದೆ ಮುಗ್ಗರಿಸುತ್ತವೆ.

ನಮ್ಮ ಜಿಲ್ಲೆಗೆ ಹತ್ತಿರದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮದ್ದೂರು ತಾಲ್ಲೂಕಿನ ಒಂದು ಮನೆಯವರು ಆಲೆಮನೆಯಿಂದ ಬೆಲ್ಲ ಕೊಂಡು, ಒಣಗಿಸಿ, ಪುಡಿ ಮಾಡಿ, ಅರ್ಧ ಕೆ.ಜಿ. ಮತ್ತು ಒಂದು ಕೆ.ಜಿ. ಪೊಟ್ಟಣಗಳಲ್ಲಿ ಮೈಸೂರಿನ ಅಂಗಡಿಗಳಿಗೆ ಹಾಕುತ್ತಾರೆ ಎಂದುಕೊಳ್ಳಿ. ತಿಂಗಳ ಮಾರಾಟ 3 ಲಕ್ಷ ರೂಪಾಯಿ. ಬೆಲ್ಲ, ಪ್ಯಾಕಿಂಗ್, ಕೂಲಿ, ಬಾಡಿಗೆ, ಸಾಗಾಟ ಎಲ್ಲ ಸೇರಿ ಖರ್ಚು 2.4 ಲಕ್ಷ. ಉಳಿಯುವುದು 60,000. ಪುಸ್ತಕದ ಪ್ರಕಾರ ಇದು ಒಳ್ಳೆಯ ವ್ಯಾಪಾರವೇ.

ಈಗ ದುಡ್ಡು ಹೋಗಿ ಬರುವ ದಾರಿಯನ್ನು ನೋಡಬೇಕು. ಆಲೆಮನೆಯವರಿಗೆ ಅಂದೇ ನಗದು ಕೊಡಬೇಕು, ಏಕೆಂದರೆ ಅವರೂ ಕಬ್ಬಿನ ರೈತನಿಗೆ ಮತ್ತು ಕೂಲಿಯವರಿಗೆ ಕೊಡಬೇಕಾಗಿರುತ್ತದೆ. ಕೊಂಡ ಬೆಲ್ಲ ಒಣಗಿ, ಪುಡಿಯಾಗಿ, ಪೊಟ್ಟಣವಾಗಿ ಅಂಗಡಿ ಸೇರಲು ಸುಮಾರು 20 ದಿನ ಹಿಡಿಯುತ್ತದೆ. ಅಂಗಡಿಯಿಂದ ಹಣ ಬರಲು 45 ದಿನ. ಅಂದರೆ ಇಂದು ಹಾಕಿದ ಒಂದು ರೂಪಾಯಿ 65 ದಿನಗಳ ನಂತರ ಮರಳುತ್ತದೆ. ದಿನದ ಖರ್ಚು 8,000 ರೂಪಾಯಿ ಎಂದಾದರೆ, 5.2 ಲಕ್ಷ ರೂಪಾಯಿ ಸದಾ ಗೋದಾಮಿನಲ್ಲಿ ಮತ್ತು ಅಂಗಡಿಗಳಲ್ಲಿ ಕೂತಿರುತ್ತದೆ. ದುಡಿಯುವ ಬಂಡವಾಳ ಎನ್ನುವುದು ಇದನ್ನೇ.

ವ್ಯಾಪಾರ ಬೆಳೆಯುವಾಗಲೇ ನಿಜವಾದ ಇಕ್ಕಟ್ಟು ಎದುರಾಗುತ್ತದೆ. ಮೈಸೂರಿನ ಒಂದು ಸೂಪರ್‌ ಮಾರ್ಕೆಟ್ ಆರ್ಡರ್ ಕೊಟ್ಟು ಮಾರಾಟ ಎರಡರಷ್ಟಾಯಿತು ಎನ್ನೋಣ. ಮನೆಯವರಿಗೆಲ್ಲ ಸಂತೋಷವಾಗುತ್ತದೆ, ಆದರೆ ಇನ್ನೂ 5.2 ಲಕ್ಷ ರೂಪಾಯಿಯನ್ನು ಮೊದಲೇ ಹಾಕಬೇಕಾಗುತ್ತದೆ. ಈಗಿನ 60,000 ಲಾಭದಲ್ಲಿ ಮನೆಖರ್ಚಿಗೆ 35,000 ತೆಗೆದರೆ ಉಳಿಯುವ 25,000ದಿಂದ ಆ ಮೊತ್ತ ಕೂಡಿಸಲು ಸುಮಾರು 21 ತಿಂಗಳು ಬೇಕು. ಅಷ್ಟು ಕಾಲ ಆರ್ಡರ್ ಕಾಯುವುದಿಲ್ಲ. ಆಗ ಒಡವೆ ಬ್ಯಾಂಕಿಗೆ ಹೋಗುತ್ತದೆ, ಇಲ್ಲವೇ ನೂರಕ್ಕೆ ಮೂರು ರೂಪಾಯಿಯ ಕೈಸಾಲ ಬರುತ್ತದೆ. ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಶೇ. 36. ಎರಡು ಲಕ್ಷ ತಂದರೆ ತಿಂಗಳಿಗೆ 6,000 ಬಡ್ಡಿ. ಹಳೆಯ ಲಾಭದ ಹತ್ತನೇ ಒಂದು ಪಾಲು ಅಲ್ಲಿಗೇ ಹೋಯಿತು.

ಹೀಗಾಗಿ ಆರ್ಡರ್ ಒಪ್ಪುವ ಮುನ್ನ ಬೆಲೆಯನ್ನು ಮಾತಾಡಿದಷ್ಟೇ ಗಟ್ಟಿಯಾಗಿ ದಿನಗಳನ್ನೂ ಮಾತಾಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅಂಗಡಿಯ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ: "ಮುಂದಿನ ಲೋಡು ಇಳಿಸಿ ಅಕ್ಕಾ, ಹಿಂದಿನ ಬಿಲ್ ದುಡ್ಡು ಕೊಡ್ತೀನಿ." ಮಾತು ನ್ಯಾಯವಾಗಿಯೇ ಕೇಳಿಸುತ್ತದೆ, ಮಾತು ಉಳಿಸಿಕೊಳ್ಳುವವರೂ ಬಹಳ ಮಂದಿ ಇದ್ದಾರೆ. ಆದರೆ ಹೀಗೆ ನಡೆದಾಗ ಕೊನೆಯ ಬಿಲ್ ಎಂದೂ ಚುಕ್ತಾ ಆಗುವುದಿಲ್ಲ. ಮೂವತ್ತು ಅಂಗಡಿಗಳಲ್ಲಿ ತಲಾ 6,000 ರೂಪಾಯಿಯ ಒಂದೊಂದು ಬಿಲ್ ನಿಂತರೆ 1.8 ಲಕ್ಷ ರೂಪಾಯಿ ಶಾಶ್ವತವಾಗಿ ಅವರ ಬಳಿ ಉಳಿಯಿತು. ಸರಕು ಹಾಕುವುದನ್ನು ನಿಲ್ಲಿಸಿದ ದಿನವಷ್ಟೇ ಅದನ್ನು ಕೇಳಬಹುದು, ಆ ದಿನ ಅದು ಸುಲಭವಾಗಿ ಬರುವುದಿಲ್ಲ. ಮೂವತ್ತು ಅಂಗಡಿಗಳಿಗೆ ಸ್ವಲ್ಪ ಸ್ವಲ್ಪ ಹಾಕುವ ಬದಲು, ಬೇಗ ದುಡ್ಡು ಕೊಡುವ ಹದಿನೆಂಟು ಅಂಗಡಿಗಳಿಗೆ ಹೆಚ್ಚು ಹಾಕುವುದು ಮೇಲು. ಬೇಕಿದ್ದರೆ ನಗದು ಕೊಡುವವರಿಗೆ ಒಂದೆರಡು ಶೇಕಡಾ ಬಿಡಬಹುದು. ನಮ್ಮ ಉದಾಹರಣೆಯಲ್ಲಿ ವಸೂಲಿ 45 ದಿನದಿಂದ 30ಕ್ಕೆ ಇಳಿದರೆ 1.2 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. ಅದು ಎರಡು ತಿಂಗಳ ಲಾಭಕ್ಕೆ ಸಮ.

ಇದಕ್ಕೆ ಬೇಕಾಗುವುದು ಬಾಕಿಪಟ್ಟಿ. ಅಂಗಡಿಯ ಹೆಸರು, ಬಿಲ್ ತಾರೀಖು, ಮೊತ್ತ, ಇಂದಿಗೆ ಎಷ್ಟು ದಿನವಾಯಿತು ಎಂಬ ನಾಲ್ಕು ಕಲಮುಗಳು ಸಾಕು, ನೋಟ್‌ಬುಕ್ ಆದರೂ ಸರಿ. ವಾರಕ್ಕೊಮ್ಮೆ ಹಳೆಯ ಬಾಕಿ ಮೇಲೆ ಬರುವಂತೆ ಬರೆದು, ಮೇಲಿನ ಐವರಿಗೆ ಫೋನ್ ಮಾಡಬೇಕು. ನಮ್ಮ ಕಡೆ ಬಾಕಿ ಕೇಳುವುದಕ್ಕೆ ಸಂಕೋಚ ಹೆಚ್ಚು, ಅದರಲ್ಲೂ ಅಂಗಡಿಯವರು ನೆಂಟರೋ ಊರಿನವರೋ ಆಗಿದ್ದರೆ. ಗೊತ್ತಾದ ದಿನ ತಪ್ಪದೆ ಕೇಳುವವರಿಗೆ ಅಂಗಡಿಯವರು ಮೊದಲು ಕೊಡುತ್ತಾರೆ ಎಂಬುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ದೊಡ್ಡ ಖರೀದಿದಾರರ ವಿಷಯದಲ್ಲಿ ಕಾನೂನು ನಿಮ್ಮ ಜೊತೆಗಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಇಂಥ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುವುದು 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ಸೇರಿದ ನಿಯಮ: ಗಡುವು ಮೀರಿದ ಬಾಕಿಯನ್ನು ಖರೀದಿದಾರ ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚು ಎಂದು ತೋರಿಸಬಹುದು. ಹಾಗಾಗಿ ಮಾರ್ಚ್ ಹತ್ತಿರವಾದಂತೆ ದೊಡ್ಡ ಕಂಪನಿಗಳ ಲೆಕ್ಕ ವಿಭಾಗದವರೇ ನಿಮ್ಮ ಉದ್ಯಮ್ ಪ್ರಮಾಣಪತ್ರ ಕೇಳುತ್ತಾರೆ. ನೋಂದಣಿ ಪೂರ್ತಿ ಉಚಿತ, ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು. ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ಜಿಎಸ್‌ಟಿಯೂ ಕೈಯಲ್ಲಿರುವ ನಗದಿಗೆ ಸಂಬಂಧಿಸಿದ ವಿಷಯವೇ. ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಹೊರರಾಜ್ಯಕ್ಕೆ ಮಾರುವುದಾದರೆ ಅದಕ್ಕೂ ಮೊದಲೇ. 36 ಲಕ್ಷದ ನಮ್ಮ ಘಟಕ ಎರಡರಷ್ಟಾದ ವರ್ಷವೇ ಈ ಗೆರೆ ದಾಟುತ್ತದೆ. ಬಿಡಿ ಬೆಲ್ಲಕ್ಕೆ ತೆರಿಗೆಯಿಲ್ಲ, ಆದರೆ 2022ರ ಜುಲೈ 18ರಿಂದ ಲೇಬಲ್ ಹಚ್ಚಿದ ಪೊಟ್ಟಣಕ್ಕೆ ಶೇ. 5 ಇದೆ. ತೆರಿಗೆ ಕಟ್ಟಬೇಕಾಗುವುದು ಬಿಲ್ ಮಾಡಿದ ತಿಂಗಳ ಲೆಕ್ಕದಲ್ಲಿ. ಅಂಗಡಿಯವರು ಹಣ ಕೊಟ್ಟರೇ ಇಲ್ಲವೇ ಎಂದು ಇಲಾಖೆ ಕೇಳುವುದಿಲ್ಲ. ರಾಜ್ಯದೊಳಗೆ ಮಾತ್ರ ಮಾರುವ ತಯಾರಕರು ವಹಿವಾಟಿನ ಶೇ. 1ನ್ನು ಮಾತ್ರ ತೆರಿಗೆಯಾಗಿ ಕಟ್ಟುವ ಕಾಂಪೊಸಿಷನ್ ಯೋಜನೆಯನ್ನು ಪರಿಶೀಲಿಸಬಹುದು. ಅದನ್ನು ಗ್ರಾಹಕರಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ನಿಮ್ಮಿಂದ ಕೊಂಡವರಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ.

ಇನ್ನು ಸಬ್ಸಿಡಿ. ಹೊಸ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಪಿಎಂಇಜಿಪಿಯಂಥ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಯೋಜನೆಯಲ್ಲಿ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ನಂತರ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಬೆಲ್ಲ ಕೊಳ್ಳಲಾಗುವುದಿಲ್ಲ. ಯೋಜನಾ ವರದಿಯಲ್ಲಿ ಒಂದು ಸುತ್ತಿನ ದುಡಿಯುವ ಬಂಡವಾಳವನ್ನೂ ಸೇರಿಸಲು ಅವಕಾಶವಿದೆ. ಆದರೆ ವರದಿ ಬರೆದುಕೊಡುವವರು ಯಂತ್ರದ ಕೊಟೇಶನ್ನಿಗೆ ಕೊಟ್ಟ ಗಮನವನ್ನು ಆ ಸಾಲಿಗೆ ಕೊಡುವುದೇ ಇಲ್ಲ. ವರದಿಗೆ ಸಹಿ ಹಾಕುವ ಮುನ್ನ ಅದೊಂದು ಅಂಕಿಯನ್ನು ನೀವೇ ಲೆಕ್ಕ ಹಾಕಿ ನೋಡಿ.

ಘಟಕ ನಡೆಯತೊಡಗಿದ ಮೇಲೆ ಕೇಳಬೇಕಾದದ್ದು ಕ್ಯಾಶ್ ಕ್ರೆಡಿಟ್, ಅಂದರೆ ಮಂಜೂರಾದ ಮಿತಿಯೊಳಗೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ಮರಳಿ ಕಟ್ಟುವ ಬ್ಯಾಂಕ್ ಸಾಲ. ಸಣ್ಣ ಘಟಕಗಳಿಗೆ ಬ್ಯಾಂಕುಗಳು ಬಳಸುವ ವಹಿವಾಟು ಪದ್ಧತಿಯಲ್ಲಿ, ಅಂದಾಜು ವಾರ್ಷಿಕ ಮಾರಾಟದ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಹಿಡಿದು, ಶೇ. 20ನ್ನು ಬ್ಯಾಂಕ್, ಶೇ. 5ನ್ನು ಉದ್ಯಮಿ ಹಾಕಬೇಕು. 36 ಲಕ್ಷದ ಮಾರಾಟಕ್ಕೆ ಬ್ಯಾಂಕಿನ ಪಾಲು 7.2 ಲಕ್ಷ, ನಿಮ್ಮದು 1.8 ಲಕ್ಷ. ಬಳಸಿದಷ್ಟು ಮೊತ್ತಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ.

ಇದನ್ನು ಕೇಳುವ ಸಮಯವೂ ಮುಖ್ಯ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಸರಕನ್ನು ನವೆಂಬರ್, ಡಿಸೆಂಬರಿನಲ್ಲೇ ತುಂಬಿಕೊಳ್ಳಬೇಕಾದವರು ಜನವರಿಯ ಬಾಗಿಲಲ್ಲಿ ನಿಂತು ಅರ್ಜಿ ಹಾಕಿದರೆ ಮಂಜೂರಾತಿ ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ದಸರಾ ಹೊತ್ತಿಗೇ ಬ್ಯಾಂಕಿಗೆ ಹೋಗಿ. ಉದ್ಯಮ್ ಪ್ರಮಾಣಪತ್ರ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ, ಆದಾಯ ತೆರಿಗೆ ರಿಟರ್ನ್, ಉದ್ಯಮದ ಹೆಸರಿನ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್ ಜೊತೆಗಿರಲಿ. ಮನೆಯ ಖಾತೆಯಲ್ಲೇ ವ್ಯಾಪಾರ ಮಾಡಿದ್ದರೆ ಈ ಕೊನೆಯದು ಇರುವುದೇ ಇಲ್ಲ, ಆದ್ದರಿಂದ ಮೊದಲ ದಿನವೇ ಬೇರೆ ಖಾತೆ ತೆರೆಯಿರಿ. ಇವುಗಳ ಮೇಲೆ ದಾಸ್ತಾನಿನ ಪಟ್ಟಿ ಮತ್ತು ಬಾಕಿಪಟ್ಟಿ ಇಡಿ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಅಷ್ಟು ಹಳೆಯ ಬಿಲ್ಲುಗಳನ್ನು ಅರ್ಜಿಗೆ ಮೊದಲೇ ವಸೂಲು ಮಾಡಿಕೊಂಡಿರಬೇಕು.